ಮಹಾದೇವಿಯ ಮನೆಯ ಗಡಿಗೆ

ಗಡಿಗೆ ಒಡೆದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೊನೆಗೆ ಬರೆದರೆ, ಮುದುಕಿ ಇಷ್ಟು ಹೊತ್ತು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು ಎಂದು ಜನ ಅನ್ನುತ್ತಾರೆ. ಆದರೆ ಬರೆಯಲು ಕೂತದ್ದು ನನ್ನ ಸಲುವಾಗಿ ಅಲ್ಲ, ಮಹಾದೇವಿಯ ಸಲುವಾಗಿ. ಗುಡ್ಡ ಕುಸಿದ ಆ ಐದು ದಿನ ಅವಳು ಏನೇನು ಮಾಡಿದಳು ಎಂಬುದು ಪೂರ್ತಿ ಗೊತ್ತಿರುವವರು ನಮ್ಮ ಚಾಳಿನಲ್ಲಿ ಮೂವರೋ ನಾಲ್ವರೋ. ಅವರಲ್ಲಿ ನನಗೇ ವಯಸ್ಸು ಹೆಚ್ಚು.

ಭಾಂಡುಪ್ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದು, ರಿಕ್ಷಾ ಏರುವಷ್ಟು ದೂರ ರಿಕ್ಷಾದಲ್ಲಿ ಹೋಗಿ, ಅಲ್ಲಿಂದ ನೂರ ಮೂವತ್ತೆರಡು ಮೆಟ್ಟಿಲು ಹತ್ತಿದರೆ ಗುಡ್ಡದ ಮೇಲೆ ಸಾಲುಸಾಲು ಮನೆಗಳ ನಮ್ಮ ಚಾಳು. ಮೆಟ್ಟಿಲು ನಾನೇ ಎಣಿಸಿದ್ದೇನೆ. ಮೊಣಕಾಲು ನೋಯುವವರು ಎಲ್ಲರೂ ಎಣಿಸುತ್ತಾರೆ. ಮೆಟ್ಟಿಲುಗಳ ಬುಡದಲ್ಲಿ, ರಸ್ತೆಗೆ ಹತ್ತಿ, ಸರಕಾರಿ ದವಾಖಾನೆಯ ಎರಡು ಖೋಲಿಗಳಿದ್ದವು. ಒಬ್ಬ ಡಾಕ್ಟರು ವಾರಕ್ಕೆ ಎರಡು ದಿನ, ಒಬ್ಬ ಸಿಸ್ಟರು ದಿನಾಲೂ ಬರುತ್ತಿದ್ದರು. ಇಬ್ಬರಿಗೂ ಗುಡ್ಡದ ಮೇಲಿನ ದಾರಿ ಗೊತ್ತಿರಲಿಲ್ಲ. ದಾರಿ ಗೊತ್ತಿದ್ದವಳು ಮಹಾದೇವಿ. ಅವಳ ಪಾಲಿಗೆ ಮುನ್ನೂರ ನಲವತ್ತು ಮನೆ. ಯಾರ ಮನೆಯಲ್ಲಿ ಬಸುರಿ, ಯಾರಿಗೆ ಟಿಬಿ, ಯಾವ ಕೂಸಿಗೆ ಯಾವ ತಾರೀಖಿಗೆ ಸೂಜಿ, ಎಲ್ಲ ಅವಳ ರಜಿಸ್ಟರಿನಲ್ಲಿ. ಪೆನ್ನನ್ನು ತುರುಬಿನಲ್ಲಿ ಸಿಗಿಸಿಕೊಂಡು ತಿರುಗುತ್ತಿದ್ದಳು. ಹುಡುಗರು ಅವಳನ್ನು ಡಾಕ್ಟರ್ ಬಾಯಿ ಎಂದು ಚೇಷ್ಟೆ ಮಾಡುತ್ತಿದ್ದರು, ದೊಡ್ಡವರೂ ಅದನ್ನೇ ಕಲಿತರು.

ಅವಳು ಇಂಡಿ ತಾಲ್ಲೂಕಿನವಳು. ಹದಿನೇಳಕ್ಕೆ ಮದುವೆಯಾಗಿ ಇಲ್ಲಿಗೆ ಬಂದಾಗ ಏಳನೇ ಇಯತ್ತೆ ಪಾಸು, ಮರಾಠಿ ಒಂದಕ್ಷರ ಬರುತ್ತಿರಲಿಲ್ಲ. ಗಂಡ ನಿಂಗಣ್ಣ ಗೌಂಡಿ ಕೆಲಸದವನು, ಮಿತಭಾಷಿ. ಅತ್ತೆ ಅಂಬವ್ವ ಬಾಯಿ ಜೋರಿನವಳು, ಉಬ್ಬಸದವಳು. ಪೋಲಿಯೋ ಹನಿ ಹಾಕುವ ದಿನಗೂಲಿಯಿಂದ ಶುರು ಮಾಡಿ, ಬಸ್ಸಿನ ಬೋರ್ಡು ಓದಿ ಓದಿ ಮರಾಠಿ ಕಲಿತು, ಮಹಾದೇವಿ ಆರೋಗ್ಯ ಸೇವಿಕೆಯಾದಳು. ನನಗೆ ಕನ್ನಡ ಅಕ್ಷರ ತಿದ್ದಿಸಿದವಳೂ ಅವಳೇ. ಬಿಪಿ ಗುಳಿಗೆಯನ್ನು ಎರಡು ಸಲ ನುಂಗಿ ನಾನು ಬಿದ್ದಿದ್ದೆ. ಆವತ್ತಿನಿಂದ ಅವಳು ನನ್ನ ಗುಳಿಗೆಯ ಪಾಕೀಟಿನ ಮೇಲೆ ಮುಂಜಾನೆ, ಸಂಜೆ ಎಂದು ಬರೆದು ಕೊಡುತ್ತಿದ್ದಳು. ಆ ಎರಡು ಶಬ್ದಗಳಿಂದ ನನ್ನ ವಿದ್ಯೆ ಆರಂಭವಾಯಿತು. ಆಗ ನನಗೆ ಅರವತ್ತೊಂದು.

ಇನ್ನು ಗಡಿಗೆಯ ವಿಷಯ.

ಬರುವ ಜುಲೈಗೆ ಎರಡು ವರ್ಷ. ಮೂರು ದಿನದಿಂದ ಮಳೆ ಹಿಡಿದಿತ್ತು. ಮಂಗಳವಾರ ಮುಂಜಾನೆ ನಳದ ನೀರು ಬಂದು ನಿಂತ ಹೊತ್ತಿಗೆ, ಅಂದರೆ ಆರಕ್ಕೆ ಹತ್ತು ನಿಮಿಷ ಇರುವಾಗ, ಮೆಟ್ಟಿಲ ಬದಿಯ ತಡೆಗೋಡೆ ಬಿತ್ತು. ಅದರ ಹಿಂದೆ ಗುಡ್ಡವೂ ಬಂತು. ನಾಲ್ಕು ಮನೆ ಹೋದವು, ಏಳು ಜನ ಹೋದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ, ಅವರ ಮನೆಯವರು ಓದಿಯಾರು. ಮೆಟ್ಟಿಲುಗಳಲ್ಲಿ ಮೇಲಿನ ನಲವತ್ತು ಉಳಿದವು, ಕೆಳಗಿನವು ಕೆಸರಿನ ಅಡಿ ಹೋದವು. ಬೇರೆ ದಾರಿ ನಮಗಿಲ್ಲ. ಹಿಂದೆ ಕಾಡು, ಬದಿಯಲ್ಲಿ ನಾಲೆ. ಲೈಟು ಹೋಯಿತು. ಕೆಳಗೆ ದವಾಖಾನೆಯಲ್ಲಿ ಸೊಂಟದ ಮಟ್ಟ ನೀರು.

ಮಹಾದೇವಿ ಆವತ್ತು ಏಳೂವರೆಗೆ ಕೆಸರಿನ ಮೇಲೆ ಕೂತು ಜಾರಿಕೊಂಡು ಕೆಳಗಿಳಿದಳು. ನಿಂಗಣ್ಣ ಮಣ್ಣಿನಡಿಯವರನ್ನು ತೆಗೆಯಲು ಸಲಿಕೆ ಹಿಡಿದಿದ್ದ, ಇವಳು ಹೋದದ್ದು ಅವನಿಗೆ ಗೊತ್ತಿಲ್ಲ. ದವಾಖಾನೆಯ ಬಾಗಿಲು ದೂಡಿ ಒಳಹೊಕ್ಕರೆ ಫ್ರಿಜ್ಜು ಅಂಗಾತ ತೇಲುತ್ತಿತ್ತಂತೆ. ಅವಳು ತಂದದ್ದು ಇಷ್ಟು: ರಜಿಸ್ಟರು, ಟಿಬಿ ಗುಳಿಗೆಯ ಡಬ್ಬಿ, ಬ್ಯಾಂಡೇಜಿನ ಒಂದು ಕಟ್ಟು, ಓಆರ್‌ಎಸ್ ಪುಡಿ, ಸಿರಿಂಜುಗಳು, ಮತ್ತು ಇನ್ಸುಲಿನ್ನಿನ ಮೂರು ಸಣ್ಣ ಬಾಟಲಿ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ಫೈರ್ ಬ್ರಿಗೇಡಿನವರು ಆಗಷ್ಟೇ ಕಟ್ಟಿದ ಹಗ್ಗ ಹಿಡಿದು ಮೇಲೆ ಬಂದಳು.

ಆ ಮೂರು ಬಾಟಲಿ ಸೇವಂತಿಯವು. ಸೇವಂತಿ ನಮ್ಮ ಓಣಿಯ ಯಲ್ಲಾಲಿಂಗನ ಮಗಳು, ಹನ್ನೊಂದು ವರ್ಷ. ಹುಟ್ಟಾ ಸಕ್ಕರೆ ಬೇನೆ ಅಲ್ಲ, ಎಂಟನೇ ವರ್ಷಕ್ಕೆ ಬಂದದ್ದು. ಗುಳಿಗೆ ನಡೆಯುವುದಿಲ್ಲ. ಮುಂಜಾನೆ ಏಳಕ್ಕೆ ಒಂದು ಸೂಜಿ, ಸಂಜೆ ಏಳಕ್ಕೆ ಒಂದು. ಒಂದು ದಿನ ತಪ್ಪಿದರೆ ವಾಂತಿ, ಎರಡು ದಿನ ತಪ್ಪಿದರೆ ಮಗು ಕೈಗೆ ಸಿಗುವುದಿಲ್ಲ ಎಂದು ಘಾಟ್ಕೋಪರಿನ ದೊಡ್ಡ ದವಾಖಾನೆಯವರು ಹೇಳಿ ಕಳಿಸಿದ್ದರು. ಯಲ್ಲಾಲಿಂಗನ ಮನೆಯಲ್ಲಿ ಫ್ರಿಜ್ಜಿಲ್ಲ. ಆ ಔಷಧಕ್ಕೆ ತಂಪು ಬೇಕು. ಆದ್ದರಿಂದ ಅದು ಕೆಳಗಿನ ಫ್ರಿಜ್ಜಿನಲ್ಲಿರುತ್ತಿತ್ತು. ಮಹಾದೇವಿ ದಿನಕ್ಕೆ ಎರಡು ಸಲ ಸಿರಿಂಜು ತುಂಬಿ ತಂದು ಚುಚ್ಚುತ್ತಿದ್ದಳು. ಹುಡುಗಿಯ ಅವ್ವ ದಾನವ್ವನಿಗೆ ಸೂಜಿ ಕಂಡರೆ ಕಣ್ಣು ಕತ್ತಲೆ ಬರುತ್ತಿತ್ತು.

ಮಂಗಳವಾರವೇ ಮಹಾದೇವಿ ಸಿಸ್ಟರಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲಿದ್ದೆ. ಸಿಸ್ಟರ್ ಇದ್ದದ್ದು ಮಲಾಡಿನಲ್ಲಿ, ಅಲ್ಲಿಯೂ ನೀರು.

"ಮೇಡಂ, ಲೈಟ್ ನಹೀ ಹೈ. ಇನ್ಸುಲಿನ್ ಕಾ ಕ್ಯಾ ಕರೂಂ?"

ಲೈಟಿಲ್ಲ, ಔಷಧವನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಮಹಾದೇವಿ ಹಾಂ ಹಾಂ ಎಂದು ಫೋನಿಟ್ಟಳು. ಬ್ಯಾಟರಿ ಎರಡು ಗೆರೆ ಉಳಿದಿತ್ತು, ಮರುದಿನ ಅದೂ ಇಲ್ಲ. ಸಿಸ್ಟರ್ ಹೇಳಿದ್ದನ್ನು ಅವಳು ಆಮೇಲೆ ಮಾಡಿದಳು: ಮೂರೂ ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಒಂದು ಸ್ಟೀಲ್ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಕುಡಿಯುವ ನೀರಿನ ಮಣ್ಣಿನ ಗಡಿಗೆಯೊಳಗೆ ಇಳಿಬಿಟ್ಟು, ಗಡಿಗೆಯ ಬಾಯಿಗೆ ಒದ್ದೆ ಬಟ್ಟೆ ಬಿಗಿದಳು. ಇದು ನನಗೆ ಗೊತ್ತಾದದ್ದು ಶುಕ್ರವಾರ. ಗೊತ್ತಿದ್ದವಳು ಅಂಬವ್ವ ಒಬ್ಬಳೇ. ಔಷಧ ಅಂದರೆ ಜನ ನೋಡಲು ಬರುತ್ತಾರೆ, ನೋಡಲು ಬಂದವರು ಬಟ್ಟೆ ಬಿಚ್ಚುತ್ತಾರೆ, ಬಿಚ್ಚಿದರೆ ತಂಪು ಹೋಗುತ್ತದೆ ಎಂದು ಸೊಸೆ ಅತ್ತೆಗೆ ಮಾತ್ರ ಹೇಳಿದ್ದಳು. ಕಾಯಲು ಕೂರಿಸಿದ್ದಳು.

ಬುಧವಾರ, ಗುರುವಾರ ಮಹಾದೇವಿ ಕೂತದ್ದನ್ನು ನಾನು ಕಾಣಲಿಲ್ಲ. ನಿಂಗಣ್ಣನ ಮನೆಯ ಮುಂದಿನ ಕಟ್ಟೆಯೇ ದವಾಖಾನೆಯಾಯಿತು. ಬಕೆಟ್ಟಿನ ನೀರಿಗೆ ಕ್ಲೋರಿನ್ ಹನಿ ಹಾಕಿ ಮನೆಮನೆಗೆ ಹಂಚಿದಳು. ಕಾಲು ಕೊಯ್ದುಕೊಂಡವರಿಗೆ ಬ್ಯಾಂಡೇಜು ಮುಗಿದ ಮೇಲೆ ತನ್ನ ಕಾಟನ್ ಸೀರೆ ಕುದಿಸಿ ಹರಿದು ಕಟ್ಟಿದಳು. ನಾಲ್ಕು ಮನೆಯ ಕೂಸುಗಳಿಗೆ ಭೇದಿ ಹತ್ತಿತು. ಪುಡಿ ಮುಗಿಯಿತು, ಉಪ್ಪು ಸಕ್ಕರೆ ಅಳೆದು ಅವಳೇ ಕಲಸಿದಳು. ಹಗ್ಗದ ಕಡೆಗೆ ಬಂದ ಬ್ರಿಗೇಡಿನವನ ಕೈಗೆ ಬೇಕಾದ ಔಷಧಗಳ ಚೀಟಿ ಎರಡು ಸಲ ಕೊಟ್ಟಳು. ಬಿಸ್ಕೀಟು ಬಂತು, ನೀರಿನ ಬಾಟಲಿ ಬಂದವು. ಔಷಧ "ಕಲ್ ಪಕ್ಕಾ", ನಾಳೆ ಖಂಡಿತ ಎಂದರು. ಅವರನ್ನೂ ಬೈಯಲಾರೆ, ಅವರು ಇನ್ನೂ ಹೆಣ ತೆಗೆಯುತ್ತಿದ್ದರು.

ಟಿಬಿಯ ಪರಪ್ಪನ ಮನೆಯ ಗೋಡೆ ಹೋಗಿತ್ತು. ತಾಡಪತ್ರಿಯ ಕೆಳಗೆ ಕೂತಿದ್ದ ಅವನ ಮುಂದೆ ಮಹಾದೇವಿ ಗುಳಿಗೆ ಹಿಡಿದು ನಿಂತಳು. ಟಿಬಿ ಗುಳಿಗೆಯನ್ನು ಅವಳ ಕಣ್ಣೆದುರೇ ನುಂಗಬೇಕು, ಅದು ನಿಯಮ.

"ಡಾಕ್ಟರ್ ಬಾಯಿ, ಮನಿ ಹೋತು, ಗ್ವಾಡಿ ಹೋತು, ಭಾಂಡಿ ಹೋದವು. ನಿನ್ನ ಗುಳಿಗಿ ಮಾತ್ರ ಹೋಗಲಿಲ್ಲ ನೋಡು," ಎಂದ ಪರಪ್ಪ.

"ಬಾಯಿ ತೆಗಿ ಕಾಕಾ."

"ಇವತ್ತೊಂದು ದಿನ ಸೂಟಿ ಕೊಡು. ಗುಡ್ಡಾನೇ ಸೂಟಿ ತಗೊಂಡದ."

"ಗುಡ್ಡಕ್ಕ ಟಿಬಿ ಇಲ್ಲ. ನಾಲಿಗಿ ಎತ್ತು, ಕೆಳಗ ಇಟಗೊಂಡಿದ್ದರ ನನಗ ಗೊತ್ತಾಗ್ತದ."

ಅವನು ನುಂಗಿದ. ಅವಳು ತುರುಬಿನಿಂದ ಪೆನ್ನು ತೆಗೆದು ರಜಿಸ್ಟರಿನಲ್ಲಿ ಗುರುತು ಮಾಡಿದಳು. ಮುಂದಿನ ಮನೆಗೆ ಹೊರಟಳು. ಅವಳು ಉಂಡಿದ್ದಾಳೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಈಗ ಕೇಳಬೇಕಿತ್ತು ಅನಿಸುತ್ತದೆ.

ಅಂಬವ್ವನ ಉಬ್ಬಸ ಗುರುವಾರ ಹೆಚ್ಚಾಯಿತು. ಅವಳು ಬಾಯಿಗೆ ಹಿಡಿದು ಎಳೆಯುವ ಪಂಪು ಖಾಲಿ. ಮಲಗಿದರೆ ಉಸಿರು ಹಿಡಿಯುತ್ತದೆ ಎಂದು ಗೋಡೆಗೆ ಒರಗಿ, ಗಡಿಗೆಯ ಪಕ್ಕದಲ್ಲೇ ಕೂತಿದ್ದಳು. ಬಲಗೈ ಗಡಿಗೆಯ ಕೊರಳ ಮೇಲೆ. ನಾನು ಒಂದು ತಂಬಿಗೆ ನೀರು ಕೇಳಲು ಹೋದೆ.

"ಅಂಬವ್ವ, ಒಂದು ತಂಬಿಗಿ ನೀರು ಕೊಡು, ನಾಳಿಗಿ ಕೊಡ್ತೀನಿ."

"ಗಡಿಗಿ ಮುಟ್ಟಬ್ಯಾಡ."

"ಬಕೀಟಿನ್ಯಾಗಿನದರ ಕೊಡು."

"ಬಕೀಟಿನ್ಯಾಗಿಂದು ಬೇಕಾದಷ್ಟು ಒಯ್ಯಿ. ಗಡಿಗಿ ಮುಟ್ಟಬ್ಯಾಡ ಹನುಮವ್ವ. ಯಾರಿಗೂ ಮುಟ್ಟಗೊಡಬ್ಯಾಡ."

ಇಷ್ಟನ್ನು ಹೇಳಲು ಅವಳು ನಾಲ್ಕು ಸಲ ಉಸಿರೆಳೆದುಕೊಂಡಳು. ಮುದುಕಿಗೆ ಸಾಯುವ ಹೊತ್ತಿಗೂ ಜಿಪುಣತನ ಹೋಗಲಿಲ್ಲ ಎಂದುಕೊಂಡೆ ನಾನು. ನಲವತ್ತು ವರ್ಷದ ನೆರೆ, ಅವಳ ನೀರಿನ ಜಗಳ ನನಗೆ ಹೊಸದಲ್ಲ.

ಶುಕ್ರವಾರ ಮುಂಜಾನೆ ಏಳಕ್ಕೆ ಮಹಾದೇವಿ ಸೇವಂತಿಗೆ ಸೂಜಿ ಕೊಟ್ಟಳು, ಬಾಟಲಿಯನ್ನು ಮತ್ತೆ ಗಡಿಗೆಯಲ್ಲಿಟ್ಟಳು. ಮೇಲಿನ ಸಾಲಿನಲ್ಲಿ ಒಬ್ಬ ಬಸುರಿಗೆ ನೋವು ಶುರುವಾಗಿದೆ ಎಂದು ಕರೆ ಬಂತು, ಹೋದಳು. ಹತ್ತು ಗಂಟೆಗೆ ಅಂಬವ್ವನ ಉಸಿರು ನಿಂತಿತು. ಕೂತಲ್ಲೇ. ನಾನೂ ನಿಂಗಣ್ಣನೂ ಇದ್ದೆವು. ಕೈಯನ್ನು ಗಡಿಗೆಯಿಂದ ನಾನೇ ಬಿಡಿಸಿದೆ.

ನಮ್ಮ ಊರ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳಬೇಕು. ಮನೆಯಲ್ಲಿ ಪ್ರಾಣ ಹೋದರೆ ಕುದಿಸಿದ ಅಡುಗೆ, ತುಂಬಿದ ನೀರು ಚೆಲ್ಲಬೇಕು. ಸ್ಟೀಲು ಹಿತ್ತಾಳೆ ತಿಕ್ಕಿ ತೊಳೆದು ಒಳಗೆ ತೆಗೆದುಕೊಳ್ಳಬಹುದು. ಮಣ್ಣಿನ ಗಡಿಗೆಯನ್ನು ತಿಕ್ಕಿದರೂ ಸೂತಕ ಬಿಡುವುದಿಲ್ಲ, ಅದು ಹೀರಿಕೊಂಡಿರುತ್ತದೆ. ಒಡೆಯಬೇಕು. ಹೆಣ ಎತ್ತಿದ ಮೇಲೆ ಒಡೆಯುವವರಿದ್ದಾರೆ, ನಮ್ಮವರು ಪ್ರಾಣ ಹೋದ ಕೂಡಲೇ ಒಡೆಯುತ್ತಾರೆ. ಅದನ್ನು ಮನೆಯವರು ಮಾಡಬಾರದು, ಗಂಡ ಸತ್ತ ಹಿರಿಯಳು ಮಾಡಬೇಕು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಬಾರದು, ಒಳಗೆ ನೋಡಬಾರದು, ಒಡೆದು ಹಿಂತಿರುಗಿ ನೋಡದೆ ಬರಬೇಕು. ನಮ್ಮ ಚಾಳಿನಲ್ಲಿ ಹತ್ತೊಂಬತ್ತು ವರ್ಷದಿಂದ ಆ ಕೆಲಸ ನನ್ನದು. ಒಂದನ್ನೂ ತಪ್ಪಿಸಿಲ್ಲ.

ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ನಾಲೆಯ ದಂಡೆಗೆ ಹೋದೆ. ಭಾರವಿತ್ತು. ಕಲ್ಲಿನ ಮೇಲೆ ಒಗೆದೆ. ಒಳಗಿನಿಂದ ಠಣ್ ಎಂಬ ಸದ್ದು ಬಂದದ್ದು ನನಗೆ ಕೇಳಿಸಿತು. ಸುಳ್ಳು ಬರೆಯುವುದಿಲ್ಲ, ಕೇಳಿಸಿತು. ಹಿಂತಿರುಗಿ ನೋಡಬಾರದು, ನೋಡಲಿಲ್ಲ.

ಮಹಾದೇವಿ ಹನ್ನೊಂದಕ್ಕೆ ಬಂದಳು. ಮೇಲಿನ ಸಾಲಿನಲ್ಲಿ ಗಂಡು ಕೂಸು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆ ಸುದ್ದಿ ಹೇಳಲು ಬಾಯಿ ತೆರೆದವಳು ಅತ್ತೆಯನ್ನು ನೋಡಿದಳು. ಮಂಡಿಯೂರಿ ಕೂತು ಅವಳ ಕಾಲು ಮುಟ್ಟಿದಳು. ಅಳಲಿಲ್ಲ. ಆಮೇಲೆ ಮೂಲೆ ನೋಡಿದಳು.

"ಗಡಿಗಿ ಎಲ್ಲದ?"

ನಿಂಗಣ್ಣ ನನ್ನ ಕಡೆ ಕೈ ತೋರಿಸಿದ. ಚಾಳಿನ ಸಣ್ಣವರಿಗೆಲ್ಲ ನಾನು ಆಯಿ.

"ಆಯಿ, ಗಡಿಗಿ ಎಲ್ಲದರಿ?"

"ಒಡದು ಬಂದೀನವ್ವ. ಹಂಗ ಇಟ್ಟರ ನಡೀತದೇನು."

ಅವಳು ನನ್ನ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. "ಸೇವಂತಿ ಔಷಧ ಅದರಾಗಿತ್ತರಿ," ಎಂದಳು. ದನಿ ಏರಲಿಲ್ಲ.

ಇಬ್ಬರೂ ನಾಲೆಗೆ ಓಡಿದೆವು. ಓಡಿದೆವು ಎಂದರೆ ಅವಳು ಓಡಿದಳು, ನಾನು ಗೋಡೆ ಹಿಡಿದು ಹೋದೆ. ಒಡೆದ ಗಡಿಗೆಯ ಬೋಕಿಗಳು ಇದ್ದವು. ಡಬ್ಬಿಯ ಮುಚ್ಚಳ ಸಿಕ್ಕಿತು, ಡಬ್ಬಿ ಸಿಗಲಿಲ್ಲ. ನಾಲೆ ಎದೆಯ ಮಟ್ಟ ಹರಿಯುತ್ತಿತ್ತು. ಮಹಾದೇವಿ ಒಂದು ಕಂಬ ಹಿಡಿದು ಇಳಿದು ಕಾಲಿನಿಂದ ತಡಕಿದಳು. ನಾನು ದಂಡೆಯ ಕೆಸರಿನಲ್ಲಿ ಅಂಗೈ ಆಡಿಸಿದೆ. ಒಂದು ಬಾಟಲಿಯ ಕೊರಳು ಸಿಕ್ಕಿತು, ಗಾಜು ನನ್ನ ಹೆಬ್ಬೆರಳನ್ನು ಕೊಯ್ದಿತು. ಅಷ್ಟೇ ಸಿಕ್ಕಿದ್ದು.

ಸಂಜೆ ಏಳಕ್ಕೆ ಮುಂದಿನ ಸೂಜಿ. ಎಂಟು ತಾಸು ಇತ್ತು.

ಹುಡುಗಿಯನ್ನೇ ಕೆಳಗಿಳಿಸೋಣ ಎಂದು ಯಲ್ಲಾಲಿಂಗ ಎತ್ತಿಕೊಂಡು ಹಗ್ಗದ ಹತ್ತಿರ ಹೋದ. ಮಳೆ ಮತ್ತೆ ಜೋರಾಗಿತ್ತು. ಮಣ್ಣು ಇನ್ನೂ ಸರಿಯುತ್ತಿದೆ, ಮಕ್ಕಳನ್ನು ಈಗ ದಾಟಿಸುವುದಿಲ್ಲ, ಮಳೆ ನಿಲ್ಲಲಿ ಎಂದು ಬ್ರಿಗೇಡಿನವರು ತಡೆದರು. ದೊಡ್ಡವರು ಒಬ್ಬರೇ ಆದರೆ ಬಿಡುತ್ತೇವೆ ಎಂದರು. ಯಲ್ಲಾಲಿಂಗನಿಗೆ ಔಷಧದ ಹೆಸರು ಬರುವುದಿಲ್ಲ, ದವಾಖಾನೆಯ ಕಾಗದವಿಲ್ಲ. ಕೊಡುವವರು ಗುರುತು ಹಿಡಿಯುವುದು ಮಹಾದೇವಿಯನ್ನು.

ಅವಳು ಸೆರಗು ಬಿಗಿದಳು. ನಿಂಗಣ್ಣ ಬಾಗಿಲಲ್ಲಿ ನಿಂತಿದ್ದ.

"ಅವ್ವನ ಮೈಗೆ ನೀರು ಹಾಕಾಕೂ ನಿಲ್ಲಂಗಿಲ್ಲೇನು ನೀ?"

"ಬರ್ತೀನ್ರಿ, ಸಂಜಿ ಮುಂದ ಬರ್ತೀನಿ."

"ಇಪ್ಪತ್ತಾರು ವರ್ಷ ಒಂದ ತಾಟಿನ್ಯಾಗ ಉಂಡೀರಿ. ಸೊಸಿ ಇಲ್ಲದ ಎತ್ತಿದರ ಮಂದಿ ಏನಂದಾರು?"

"ಅತ್ತಿ ಕಾಯ್ತಾರ. ಆ ಹುಡುಗಿ ಕಾಯಂಗಿಲ್ಲ."

"ಸೂತಕದ ಕೈಲೆ ಯಾರ ಮನಿಗಿ ಹೋಗ್ತಿ, ಯಾರನ್ನ ಮುಟ್ಟತಿ?"

ಅವಳು ನನ್ನ ಕಡೆ ತಿರುಗಿದಳು. "ಆಯಿ, ಅತ್ತಿಗಿ ನೀವು ನೀರು ಹಾಕ್ರಿ. ಸೇವಂತಿಗಿ ಸಕ್ಕರಿ ಚಾ ಕೊಡಬ್ಯಾಡ್ರಿ, ಬಿಸ್ಕೀಟು ಕೊಡಬ್ಯಾಡ್ರಿ. ಬರೀ ನೀರು, ಗುಟುಕು ಗುಟುಕು. ವಾಂತಿ ಆದರೂ ನೀರು." ಅಷ್ಟು ಹೇಳಿ ಹೋದಳು. ನಿಂಗಣ್ಣ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ.

ಮುಂದಿನದು ನಾನು ಕಂಡದ್ದಲ್ಲ, ಅವಳಿಂದ ಕೇಳಿ ತಿಳಿದದ್ದು. ಲೋಕಲ್ ಗಾಡಿ ನಿಂತು ನಿಂತು ಹೋಗುತ್ತಿತ್ತು. ಕಾಂಜೂರಿನಲ್ಲಿ ಪೂರಾ ನಿಂತಿತು. ಅಲ್ಲಿಂದ ಹಳಿಯ ಮೇಲೆ ನಡೆದು, ಒಂದು ಟೆಂಪೋದ ಹಿಂದೆ ನಿಂತು ಘಾಟ್ಕೋಪರ್ ಮುಟ್ಟಿದಾಗ ಎರಡೂವರೆ. ದವಾಖಾನೆಯ ಔಷಧದ ಖಿಡಕಿಯಲ್ಲಿ ಸಾಲು. ಮೈಯೆಲ್ಲ ಕೆಸರಾದ ಹೆಂಗಸನ್ನು ಕಂಡು ಸಾಲಿನವರೇ ಮುಂದೆ ಬಿಟ್ಟರಂತೆ. ಎರಡು ಬಾಟಲಿ ಕೊಟ್ಟರು. ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿಯವನು ಒಂದು ಥರ್ಮಾಸು ಕೊಟ್ಟು ಬರ್ಫ್ ತುಂಬಿಸಿದನಂತೆ. ಐದೂಕಾಲಿಗೆ ಅವಳು ಮೆಟ್ಟಿಲ ಬುಡದಲ್ಲಿದ್ದಳು.

ಆದರೆ ನಾಲ್ಕಕ್ಕೆ ಗುಡ್ಡ ಮತ್ತೊಮ್ಮೆ ಜಾರಿತ್ತು. ಹಗ್ಗ, ಹಗ್ಗ ಕಟ್ಟಿದ ಕಂಬ, ಎರಡೂ ಹೋಗಿದ್ದವು. ನಮ್ಮ ನಲವತ್ತು ಮೆಟ್ಟಿಲಿಗೂ ಕೆಳಗೆ ನಿಂತ ಅವಳಿಗೂ ಬ್ರಿಗೇಡಿನವರಿಗೂ ನಡುವೆ ನೂರು ಹೆಜ್ಜೆ ಅಗಲದ ಹಸಿ ಕೆಸರು, ಅದರ ನಡುವೆ ನೀರಿನ ಹರಿವು. ಹೊತ್ತು ಮುಳುಗುವವರೆಗೆ ಈಚೆಯಿಂದ ಅವಳು ಕಾಣುತ್ತಿದ್ದಳು, ಕಂಕುಳಲ್ಲಿ ಥರ್ಮಾಸು. ಏಳು ಗಂಟೆ ಆಯಿತು, ಸೂಜಿ ತಪ್ಪಿತು. ಅವಳು ಅಲ್ಲಿಂದ ಕದಲಲಿಲ್ಲ ಎಂದು ಬ್ರಿಗೇಡಿನವರು ಆಮೇಲೆ ಹೇಳಿದರು.

ನಾನು ಅಂಬವ್ವನಿಗೆ ಸಂಜೆಯೇ ನೀರು ಹಾಕಿದ್ದೆ. ಅರಿಶಿನ ಇದ್ದಷ್ಟು ಹಚ್ಚಿದೆ, ಮಹಾದೇವಿಯ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಉಡಿಸಿದೆ. ಅಂಬವ್ವ ಗಂಡನನ್ನು ಕಳೆದುಕೊಂಡವಳು, ಹಸಿರು ಉಡಿಸಬಾರದು. ಒಣಗಿದ್ದು ಅದೊಂದೇ ಇತ್ತು.

ಶನಿವಾರ ಬೆಳಕು ಹರಿದಾಗ ಸೇವಂತಿ ಆರು ಸಲ ವಾಂತಿ ಮಾಡಿದ್ದಳು. ತುಟಿ ಸಿಡಿದಿತ್ತು. ಉಸಿರು ಓಡಿ ಬಂದವರ ಹಾಗೆ, ಮಲಗಿದ್ದಲ್ಲೇ. ಬಾಯಿಂದ ಕೊಳೆತ ಬಾಳೆಹಣ್ಣಿನಂಥ ವಾಸನೆ. ದಾನವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಗಡಿಗೆಯ ಸುದ್ದಿ ಎಲ್ಲರಿಗೂ ಮುಟ್ಟಿತ್ತು.

"ಆಯಿ, ನಾ ಇವತ್ತ ಸಾಲಿಗಿ ಹೋಗಬೇಕೇನು?" ಎಂದಳು ಸೇವಂತಿ.

"ಇಲ್ಲವ್ವ. ಮಳಿ ಅದ, ಛುಟ್ಟಿ."

"ಕಿತನೆ ದಿನ್ ಛುಟ್ಟಿ?" ಎಷ್ಟು ದಿನ ಎಂದು ಹಿಂದಿಯಲ್ಲಿ ಕೇಳಿ ಕಣ್ಣು ಮುಚ್ಚಿದಳು. ಆಮೇಲೆ ಕರೆದರೆ ತೆರೆಯಲಿಲ್ಲ, ಹೂಂ ಎನ್ನುತ್ತಿದ್ದಳು ಅಷ್ಟೇ.

ಏಳರ ಸುಮಾರಿಗೆ ಬ್ರಿಗೇಡಿನವರು ಕಲ್ಲು ಕಟ್ಟಿದ ತೆಳು ಹಗ್ಗವನ್ನು ಆಚೆಯಿಂದ ಎಸೆದರು. ಮೂರನೇ ಸಲಕ್ಕೆ ಯಲ್ಲಾಲಿಂಗನ ಕೈಗೆ ಸಿಕ್ಕಿತು. ಮನುಷ್ಯರ ಭಾರ ತಡೆಯುವ ಹಗ್ಗ ಹಾಕಲು ಮಧ್ಯಾಹ್ನವಾಗುತ್ತದೆ ಎಂದು ಕೈಯಲ್ಲಿ ಹಿಡಿಯುವ ಮೈಕಿನ ಭೋಂಗಾದಲ್ಲಿ ಕೂಗಿದರು. ಆಮೇಲೆ ಭೋಂಗಾದಲ್ಲಿ ಮಹಾದೇವಿಯ ದನಿ ಬಂತು. ದನಿ ಒಡೆದಿತ್ತು, ಆದರೂ ಗುಡ್ಡಕ್ಕೆಲ್ಲ ಕೇಳಿಸಿತು.

"ಥರ್ಮಾಸು ಕಳಿಸ್ತೀನಿ. ನಿಧಾನ ಜಗ್ರಿ. ನೆಲಕ್ಕ ತಾಗಬಾರದು."

ಬಂತು. ಗೋಣಿಚೀಲದಲ್ಲಿ ಥರ್ಮಾಸು, ಎರಡು ಸಿರಿಂಜು, ಹತ್ತಿ. ಅಷ್ಟು ಜನ ನಿಂತಿದ್ದರು, ಚುಚ್ಚುವವರು ಯಾರು? ದಾನವ್ವ ಕೂತಲ್ಲೇ ಕುಸಿದಳು. ಯಲ್ಲಾಲಿಂಗನ ಕೈ ಸಿಮೆಂಟು ಕಲಸಿ ಕಲಸಿ ಬಿರುಕು ಬಿಟ್ಟದ್ದು, ಸಿರಿಂಜು ಹಿಡಿಯಲು ಬೆರಳು ಬಾಗುತ್ತಿರಲಿಲ್ಲ.

"ಹನುಮವ್ವ ಆಯಿ ಅದಾರೇನು?" ಎಂದಿತು ಭೋಂಗಾ.

ನಾನು ಕೈ ಎತ್ತಿದೆ.

"ಆಯಿ, ನೀವ ಕೊಡ್ರಿ. ನಿಮಗ ಅಂಕಿ ಬರ್ತದ. ನಿಮ್ಮ ಎಣಿಕಿ ತಪ್ಪಂಗಿಲ್ಲ."

ಒಲ್ಲೆ ಎಂದು ಕೈ ಆಡಿಸಿದೆ.

"ಆಯಿ, ಒಡದವರು ನೀವು. ಕೊಡವರೂ ನೀವ ಆಗ್ರಿ."

ಅವಳು ನನಗೆ ಬೈದದ್ದು ಅದೊಂದೇ ಸಲ, ಅದೂ ಭೋಂಗಾದಲ್ಲಿ, ಇಡೀ ಚಾಳಿನ ಮುಂದೆ. ಅದು ಬೈಗುಳವೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೇವಂತಿಯನ್ನು ಮೆಟ್ಟಿಲ ತುದಿಗೆ ತಂದು ತೊಡೆಯ ಮೇಲೆ ಹಾಕಿಕೊಂಡೆ, ಮಹಾದೇವಿಗೆ ಕಾಣಲಿ ಎಂದು. ಅವಳು ಒಂದೊಂದೇ ಹೇಳಿದಳು. ಬಾಟಲಿಯ ರಬ್ಬರಿಗೆ ಹತ್ತಿ ಒರೆಸಿರಿ. ಸೂಜಿ ಚುಚ್ಚಿರಿ. ಬಾಟಲಿ ತಲೆಕೆಳಗೆ. ಹತ್ತು ಗೆರೆ ಎಳೆಯಿರಿ, ಹನ್ನೊಂದಾದರೆ ಒಂದು ಹಿಂದೆ ಬಿಡಿರಿ. ಗುಳ್ಳೆ ಬಂದಿದ್ದರೆ ಬೆರಳಿನಿಂದ ತಟ್ಟಿರಿ. ನಾನು ಗೆರೆಗಳನ್ನು ಬಾಯಿಬಿಟ್ಟು ಎಣಿಸಿದೆ. ಒಂದು, ಎರಡು, ಮೂರು. ಕಣ್ಣಿಗೆ ಮಂಜು, ಎರಡನೇ ಸಲ ಎಣಿಸಿದೆ. ಮೂರನೇ ಸಲವೂ ಎಣಿಸಿದೆ. ಹತ್ತು. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಒತ್ತಿದೆ. ಸೇವಂತಿ ಹಾ ಎನ್ನಲಿಲ್ಲ. ಅದೇ ನನಗೆ ಹೆದರಿಕೆ.

"ಆತೇನ್ರಿ?"

ತಲೆಯಾಡಿಸಿದೆ.

"ನೀರು ಕುಡಿಸ್ರಿ. ಬಿಡಬ್ಯಾಡ್ರಿ." ಆಮೇಲೆ, ಭೋಂಗಾ ಬಾಯಿಂದ ದೂರ ಹಿಡಿದಿದ್ದಳೋ ಏನೋ, ಸಣ್ಣಗೆ ಕೇಳಿತು. "ನಮ್ಮ ಅತ್ತಿ?"

ನೂರು ಹೆಜ್ಜೆಯ ಆಚೆಗೆ ನಾನು ಏನೆಂದು ಕೂಗಲಿ. ಎರಡೂ ಕೈ ಎತ್ತಿ ನೀರು ಸುರಿಯುವ ಹಾಗೆ ಮಾಡಿ ತೋರಿಸಿದೆ, ಆಮೇಲೆ ಕೈ ಮುಗಿದೆ. ಅವಳು ಅಲ್ಲೇ ಕೆಸರಿನಲ್ಲಿ ಕೂತಳು. ಆಗ ಅತ್ತಳು. ಭೋಂಗಾ ತೊಡೆಯ ಮೇಲಿತ್ತು, ಅದರ ಗುಂಡಿ ಒತ್ತಿಯೇ ಇತ್ತು, ಅಳು ಗುಡ್ಡಕ್ಕೆಲ್ಲ ಕೇಳಿತು. ಒಬ್ಬ ಬ್ರಿಗೇಡಿನವನು ಬಂದು ಮೆಲ್ಲಗೆ ತೆಗೆದುಕೊಂಡ.

ಮಧ್ಯಾಹ್ನ ಒಂದಕ್ಕೆ ದಪ್ಪ ಹಗ್ಗ ಬಂತು. ಮೊದಲು ಸೇವಂತಿಯನ್ನು ಇಳಿಸಿದರು, ಆಮೇಲೆ ಅಂಬವ್ವನನ್ನು. ಮಹಾದೇವಿ ಸೇವಂತಿಯ ಜೊತೆ ಆಂಬುಲೆನ್ಸು ಹತ್ತಿದಳು. ಅಂಬವ್ವನ ಜೊತೆ ನಿಂಗಣ್ಣ ಸ್ಮಶಾನಕ್ಕೆ ಹೋದ. ಎರಡು ಗಾಡಿ ಒಂದೇ ರಸ್ತೆಯಲ್ಲಿ ಸ್ವಲ್ಪ ದೂರ ಹಿಂದೆ ಮುಂದೆ ಹೋದವು, ಆಮೇಲೆ ಬೇರೆಯಾದವು. ಇದು ಮೇಲಿನಿಂದ ನಾನು ಕಂಡದ್ದು.

ಸೇವಂತಿ ಒಂಬತ್ತು ದಿನ ದವಾಖಾನೆಯಲ್ಲಿದ್ದಳು. ಎರಡು ದಿನ ಎಚ್ಚರವಿರಲಿಲ್ಲ. ಬದುಕಿದಳು. ಈಗ ಸಾಲೆಗೆ ಹೋಗುತ್ತಾಳೆ, ಆದರೆ ಮೊದಲಿನ ಹಾಗೆ ಬೋರ್ಡಿನ ಮೇಲಿನದು ಬೇಗ ಓದಲಾರಳು, ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಸೂಜಿ ತಾನೇ ಕೊಟ್ಟುಕೊಳ್ಳುವುದನ್ನು ಮಹಾದೇವಿ ಕಲಿಸಿದ್ದಾಳೆ.

ನಿಂಗಣ್ಣ ಹೆಂಡತಿಯ ಜೊತೆ ಮೂರು ತಿಂಗಳು ಮಾತಾಡಲಿಲ್ಲ. ಊಟಕ್ಕೆ ಕೂತರೆ ತಾಟು ದೂಡುತ್ತಿದ್ದ, ಸಾಕು ಎನ್ನಲು. ದಸರೆಯ ಹೊತ್ತಿಗೆ ಅವಳಿಗೆ ಜ್ವರ ಬಂತು, ಆಗ ಅವನೇ ರಜಿಸ್ಟರು ಹಿಡಿದು ಪರಪ್ಪನ ಮನೆಗೆ ಹೋಗಿ, "ಬಾಯಿ ತೆಗಿ ಕಾಕಾ, ನಾಲಿಗಿ ಎತ್ತು," ಎಂದನಂತೆ. ಪರಪ್ಪ ನಕ್ಕು ಗುಳಿಗೆ ಗಂಟಲಿಗೆ ಸಿಕ್ಕಿಸಿಕೊಂಡ. ಅಲ್ಲಿಂದ ಗಂಡ ಹೆಂಡಿರ ಮಾತು ಶುರುವಾಯಿತು.

ದವಾಖಾನೆಯ ಎರಡು ಖೋಲಿ ಇನ್ನೂ ಕಟ್ಟಿಲ್ಲ. ತಡೆಗೋಡೆಯನ್ನೂ ಕಟ್ಟಿಲ್ಲ, ಬುಡದಲ್ಲಿ ಮರಳಿನ ಚೀಲ ಒಟ್ಟಿದ್ದಾರೆ. ಮಹಾದೇವಿಯ ಮನೆಯ ಕಟ್ಟೆಯ ಮೇಲೆ ಸಿಸ್ಟರು ವಾರಕ್ಕೆ ಒಂದು ದಿನ ಬಂದು ಕೂರುತ್ತಾರೆ, ಉಳಿದ ಆರು ದಿನ ಮಹಾದೇವಿ. ಈ ಮೇ ತಿಂಗಳಲ್ಲಿ, ಮೋಡ ಕಾಣುವ ಮುಂಚೆ, ಅವಳು ಹೊಸ ಗಡಿಗೆಯೊಂದನ್ನು ತಂದು ನನ್ನ ಮನೆಯ ಮೂಲೆಯಲ್ಲಿ ಇಟ್ಟಳು. ಲೈಟು ಹೋದ ದಿನ ಸೇವಂತಿಯ ಬಾಟಲಿಗಳಿಗೆ.

"ನನ್ನ ಮನ್ಯಾಗ್ಯಾಕ?" ಎಂದೆ.

"ನಿಮ್ಮಷ್ಟು ಜ್ವಾಕಿ ಯಾರು ಮಾಡ್ತಾರ್ರಿ ಈಗ."

"ನನಗ ಎಪ್ಪತ್ನಾಲ್ಕು ಮಾದೇವಿ. ಇಲ್ಲೇ ಕುಂತಲ್ಲೇ ಹೋದೆ ಅಂತ ತಿಳಿ. ಯಾರರ ಬಂದು ಒಡೀತಾರ."

ಅವಳು ತುರುಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟಳು. ಒಂದು ರಟ್ಟಿನ ತುಂಡು ಕೊಟ್ಟಳು. ನಾನು ಬರೆದೆ. ಅರ್ಧ ತಾಸು ಹಿಡಿಯಿತು. ಒಳಗೆ ಔಷಧ ಇದೆ, ನಾನು ಸತ್ತರೂ ಒಡೆಯಬೇಡಿರಿ, ಮೊದಲು ಕೈ ಹಾಕಿ ನೋಡಿರಿ. ಇಲ್ಲಿಯ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ ಎಂದು ಅದರ ಕೆಳಗೆ ಸೇವಂತಿ ಅದನ್ನೇ ಮರಾಠಿಯಲ್ಲಿ ಬರೆದಳು, ಕಣ್ಣನ್ನು ರಟ್ಟಿಗೆ ಹತ್ತಿರ ಹಿಡಿದು. ರಟ್ಟನ್ನು ಗಡಿಗೆಯ ಕೊರಳಿಗೆ ಕಟ್ಟಿದ್ದೇವೆ. ಮಳೆಗಾಲದ ತೇವಕ್ಕೆ ರಟ್ಟು ನೆನೆದು ಅಕ್ಷರ ಅಳಿಸುತ್ತದೆ. ಅದಕ್ಕೇ ಈ ಕಾಗದಗಳಲ್ಲೂ ಬರೆದಿಟ್ಟೆ. ಇವತ್ತು ಜೂನ್ ಎಂಟು, ಹೊರಗೆ ಮೊದಲ ಹನಿ ಬೀಳುತ್ತಿದೆ. ಮಹಾದೇವಿ ಮೇಲಿನ ಸಾಲಿಗೆ ಹೋಗಿದ್ದಾಳೆ, ಇನ್ನೂ ಬಂದಿಲ್ಲ.